ನೋವುಂಡ ಮಕ್ಕಳೊಡನೆ ಕೋಲಾಟ: 40 ನಿಮಿಷಗಳ ಒಂದು ಪಾಠ

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಅನೇಕ ಊರುಗಳು ನೀರಿನಲ್ಲಿ ನಿಂತವು. ಮನೆ ಬಿಟ್ಟು ಬಂದ ಎಷ್ಟೋ ಕುಟುಂಬಗಳಿಗೆ ಶಾಲೆಯ ಕೊಠಡಿಗಳೇ ಆಸರೆಯಾದವು. ನೀರು ಇಳಿದ ಮೇಲೆ ಪಾಠ ಮತ್ತೆ ಶುರುವಾಗಬೇಕಾಯಿತು. ಇಂಥ ತರಗತಿಗೆ ಅಭ್ಯಾಸ ಬೋಧನೆಗೆ ಹೋಗುವ ಪ್ರಶಿಕ್ಷಣಾರ್ಥಿಗೆ “ಮಕ್ಕಳನ್ನು ನಗಿಸಿ, ಕುಣಿಸಿ, ಎಲ್ಲ ಮರೆಯುತ್ತಾರೆ” ಎಂಬ ಸಲಹೆ ಸುಲಭವಾಗಿ ಸಿಗುತ್ತದೆ. ಕುಣಿತದಿಂದ ಮನಸ್ಸು ಚೇತರಿಸಿಕೊಳ್ಳುತ್ತದೆ ಎಂಬುದು ನಿಜ. ಆದರೆ ಅಪ್ಪಣೆ ಕೊಟ್ಟು ತರಿಸಿದ ಸಂತೋಷದಿಂದ ಆ ಕೆಲಸ ಆಗದು. ಈ ವ್ಯತ್ಯಾಸವನ್ನು ಪಾಠ ಯೋಜನೆಯಲ್ಲಿ ಹೇಗೆ ತರಬಹುದು ಎಂಬುದೇ ಈ ಲೇಖನದ ವಿಷಯ.

ಹಿನ್ನೆಲೆ

ಆಘಾತ ಉಂಡ ಮಗುವಿನ ಮೈ, ಅಪಾಯ ಕಳೆದ ಮೇಲೂ ಎಚ್ಚರದಲ್ಲೇ ಇರುತ್ತದೆ. ಮಳೆ ಜೋರಾದರೆ ಎದೆ ಬಡಿತ ಏರುತ್ತದೆ, ಉಸಿರು ಬಿಗಿಯುತ್ತದೆ. ಕೆಲವು ಮಕ್ಕಳು ರೇಗುತ್ತಾರೆ, ಕೆಲವರು ಕಲ್ಲಿನಂತೆ ಕುಳಿತುಬಿಡುತ್ತಾರೆ. ಆದದ್ದನ್ನು ಮಾತಿನಲ್ಲಿ ಹೇಳುವುದು ಅವರಿಗೆ ಕಷ್ಟ. ಮೈಯ ಮೂಲಕ ಮಗುವನ್ನು ತಲುಪುವ ದಾರಿಗೆ ಬೆಲೆ ಬರುವುದು ಇಲ್ಲಿಯೇ.

ನೃತ್ಯಗಾತಿ ಮೇರಿಯನ್ ಚೇಸ್ 1942ರಲ್ಲಿ ಅಮೆರಿಕದ ವಾಷಿಂಗ್ಟನ್‌ನ ಸೇಂಟ್ ಎಲಿಜಬೆತ್ಸ್ ಮನೋರೋಗ ಆಸ್ಪತ್ರೆಯಲ್ಲಿ ಕೆಲಸ ಆರಂಭಿಸಿದರು. ಎರಡನೇ ಮಹಾಯುದ್ಧದಿಂದ ಮನಸ್ಸು ಜರ್ಝರಿತವಾದ ಸೈನಿಕರೂ ಅಲ್ಲಿದ್ದರು. ಅವರು ಹೆಜ್ಜೆ ಕಲಿಸಲು ಹೋಗಲಿಲ್ಲ. ಎಲ್ಲರನ್ನೂ ವೃತ್ತದಲ್ಲಿ ಸೇರಿಸಿ, ರೋಗಿ ಮಾಡುತ್ತಿದ್ದ ಸಣ್ಣ ಚಲನೆಯನ್ನೇ ತಾವೂ ಮಾಡಿ, ‘ನಿನ್ನನ್ನು ಗಮನಿಸಿದ್ದೇನೆ’ ಎಂಬುದನ್ನು ಮೈಯಿಂದಲೇ ತಿಳಿಸಿದರು. ನಮ್ಮ ದೇಶದಲ್ಲಿ ಸೋಹಿನಿ ಚಕ್ರವರ್ತಿ 2004ರಲ್ಲಿ ಆರಂಭಿಸಿದ ‘ಕೋಲ್ಕತ್ತ ಸಂವೇದ್’ ಸಂಸ್ಥೆ, ಮಾನವ ಸಾಗಣೆಗೆ ಸಿಕ್ಕಿ ಪಾರಾದ ಹೆಣ್ಣುಮಕ್ಕಳೊಡನೆ ನೃತ್ಯ ಚಿಕಿತ್ಸೆಯ ಕೆಲಸ ಮಾಡುತ್ತ ಬಂದಿದೆ. ಬೇರೆಯವರ ಹಿಡಿತದಲ್ಲಿ ನರಳಿದ ದೇಹ ಮತ್ತೆ ತನ್ನದಾಗುವುದು ಅಲ್ಲಿನ ಮುಖ್ಯ ಸಂಗತಿ.

ಕೋಲಾಟವೇ ಏಕೆ?

ಕೋಲಾಟ ನಮ್ಮ ಮಕ್ಕಳಿಗೆ ಹೊಸದಲ್ಲ. ಅದರ ತಾಳ ಮತ್ತೆ ಮತ್ತೆ ಬರುವುದರಿಂದ ಮುಂದೇನು ಎಂಬುದು ಮಗುವಿಗೆ ಮೊದಲೇ ಗೊತ್ತಿರುತ್ತದೆ. ಎಲ್ಲವೂ ಏರುಪೇರಾದ ಮಗುವಿಗೆ ಈ ಖಾತ್ರಿ ದೊಡ್ಡದು. ಇನ್ನೊಂದು ಅನುಕೂಲವೂ ಇದೆ: ಕೋಲಾಟದಲ್ಲಿ ಕೋಲು ಕೋಲಿಗೆ ತಾಗುತ್ತದೆ, ಮೈ ಮೈಗೆ ತಾಗುವುದಿಲ್ಲ. ಮುಟ್ಟಿದರೆ ಬೆಚ್ಚುವ ಮಗುವೂ ಹೀಗೆ ಇನ್ನೊಬ್ಬರನ್ನು ಸೇರಬಹುದು.

ಪಾಠದ ಹಂತಗಳು (6ನೇ ತರಗತಿ)

1. ನೆಲೆಗೊಳ್ಳುವುದು (5 ನಿಮಿಷ): ವೃತ್ತದಲ್ಲಿ ನಿಂತು ಪಾದಗಳನ್ನು ನೆಲಕ್ಕೆ ಒತ್ತಿ, ನಿಧಾನವಾಗಿ ಉಸಿರಾಡುವುದು. ಕಣ್ಣು ಮುಚ್ಚಲು ಹೇಳಬೇಡಿ. ಬಾಗಿಲು ತೆರೆದಿರಲಿ.

2. ಚಪ್ಪಾಳೆ (8 ನಿಮಿಷ): ಮೊದಲೇ ಕೋಲು ಕೊಡಬೇಡಿ, ಥಟ್ಟನೆ ಬರುವ ಸದ್ದಿಗೆ ಕೆಲವರು ಬೆದರಬಹುದು. ಮೆಲುವಾದ ಚಪ್ಪಾಳೆಯಿಂದ ನಾಲ್ಕೆಣಿಕೆಯ ತಾಳ ಹಿಡಿಸಿ.

3. ನನ್ನ ಚಲನೆ (7 ನಿಮಿಷ): ಇಷ್ಟವಿದ್ದ ಮಗು ಒಂದು ಚಲನೆ ತೋರಿಸಲಿ, ಉಳಿದವರು ಅದನ್ನೇ ಮಾಡಲಿ. ಬೆರಳು ಆಡಿಸಿದರೂ ಸಾಕು.

4. ಕೋಲಾಟ (15 ನಿಮಿಷ): ಒಂದು, ಎರಡಕ್ಕೆ ತಮ್ಮ ಕೋಲು, ಮೂರಕ್ಕೆ ಎದುರಿನವರ ಕೋಲು, ನಾಲ್ಕಕ್ಕೆ ಬಿಡುವು. ಹಾಡನ್ನು ಮಕ್ಕಳೇ ಆರಿಸಲಿ.

5. ಇಳಿಸುವುದು (5 ನಿಮಿಷ): ತಾಳವನ್ನು ಕ್ರಮೇಣ ನಿಧಾನಿಸಿ, ಕೋಲು ಕೆಳಗಿಟ್ಟು, ನೀರು ಕುಡಿದು ಕೂರುವುದು. ‘ಆ ದಿನ ಏನಾಯಿತು?’ ಎಂದು ಕೆದಕಬೇಡಿ. ಮಗು ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ.

ಸೇರದ ಮಗು

ಒಬ್ಬ ಹುಡುಗಿ ಗೋಡೆಗೆ ಒರಗಿ ಕುಳಿತಿದ್ದಾಳೆ ಎಂದುಕೊಳ್ಳೋಣ. ಹಿಂದೆ ಮೇಲ್ವಿಚಾರಕರು ವೀಕ್ಷಣಾ ನಮೂನೆ ಹಿಡಿದು ಕೂತಿದ್ದಾರೆ. ‘ಎಲ್ಲ ವಿದ್ಯಾರ್ಥಿಗಳೂ ಭಾಗವಹಿಸಿದರೇ?’ ಎಂಬ ಸಾಲಿಗೆ ಅಂಕಗಳಿವೆ. ಪ್ರಶಿಕ್ಷಣಾರ್ಥಿ ಅವಳ ಕೈಹಿಡಿದು ಎಳೆದು ತಂದರೆ ಅಂಕ ಬರುತ್ತದೆ. ಆದರೆ ತನ್ನ ಮಾತು ಇಲ್ಲಿಯೂ ನಡೆಯದು ಎಂದು ಆ ಮಗು ಕಲಿಯುತ್ತದೆ. ನೆರೆ ಬಂದಾಗ ಅದು ಕಲಿತದ್ದೂ ಅದನ್ನೇ. “ಕುಂತು ನೋಡವಾ, ಮನಸ್ಸಾದಾಗ ಬಾ” ಎನ್ನುವುದೇ ಇಲ್ಲಿ ಸರಿಯಾದ ಬೋಧನೆ. ತಾಳ ಹಾಕುವ, ಎಣಿಸುವ, ಕೋಲು ಹಂಚುವ ಕೆಲಸವೂ ಅವಳ ಮುಂದಿರಲಿ. ಅದನ್ನೂ ಬೇಡವೆಂದರೆ ಒಪ್ಪಿಕೊಳ್ಳಿ.

ಆದ್ದರಿಂದ ಬೋಧಕರಲ್ಲಿ ಒಂದು ವಿನಂತಿ. ಇಂಥ ಪಾಠಕ್ಕೆ ಆ ಸಾಲನ್ನು ‘ಸೇರುವ, ಸೇರದಿರುವ ಆಯ್ಕೆ ಪ್ರತಿ ಮಗುವಿಗೂ ಸಿಕ್ಕಿತೇ?’ ಎಂದು ಬದಲಿಸಿಕೊಳ್ಳಿ. ಈ ಕೋಲಾಟವನ್ನು ವಾರ್ಷಿಕೋತ್ಸವದ ವೇದಿಕೆಗೆ ಒಯ್ಯಬೇಡಿ. ನೋಡುವವರಿಗಾಗಿ ಕುಣಿಯತೊಡಗಿದಾಗ ತಪ್ಪು-ಒಪ್ಪಿನ ಭಯ ಮರಳುತ್ತದೆ.

ಮಿತಿ

ಒಂದು ಅವಧಿಯಿಂದ ಗಾಯ ಮಾಯುವುದಿಲ್ಲ. ಅದೇ ವೃತ್ತ, ಅದೇ ತಾಳ ವಾರವಾರವೂ ನಡೆಯಬೇಕು. ಅಭ್ಯಾಸ ಬೋಧನೆ ಮುಗಿಸಿ ಹೊರಡುವ ಮುನ್ನ ತರಗತಿ ಶಿಕ್ಷಕರಿಗೆ ಇದನ್ನು ಕಲಿಸಿಕೊಡಿ. ನಿದ್ದೆ, ಊಟ, ಮಾತು ಬಿಟ್ಟ ಮಗುವಿಗೆ ಕೋಲಾಟವಷ್ಟೇ ಸಾಲದು. ಮುಖ್ಯ ಶಿಕ್ಷಕರ ಮೂಲಕ ಪಾಲಕರೊಡನೆ ಮಾತನಾಡಿ, ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗಕ್ಕೆ ಕಳಿಸಬೇಕು. ಟೆಲಿ ಮಾನಸ್‌ನ 14416ಕ್ಕೆ ಉಚಿತವಾಗಿ ಕರೆ ಮಾಡಿಯೂ ಸಲಹೆ ಪಡೆಯಬಹುದು.

ಚರ್ಚೆಗೆ: ನೀವು ಬೋಧಿಸುವ ತರಗತಿಯಲ್ಲಿ ‘ನನಗೆ ಬೇಡ’ ಎಂದು ಅಂಜದೆ ಹೇಳಬಲ್ಲ ಮಕ್ಕಳು ಎಷ್ಟು ಮಂದಿ? ಅವರಿಗೆ ನೀವು ಏನು ಉತ್ತರ ಕೊಡುತ್ತೀರಿ?