ಕಡಲ್ಗಳ್ಳನ ಹೆಸರು: ಇಂದ್ರಜಾಲ್ ಚಿತ್ರಕಥೆಗಳಲ್ಲಿ ಖಳನ ನಾಮಾಂತರ

ಬೆಂಗಳೂರಿನ ಪೂರ್ವದ ಅಂಚಿನಲ್ಲಿರುವ ಹೂಡಿ ಒಂದು ಕಾಲಕ್ಕೆ ಹಳ್ಳಿಯಾಗಿತ್ತು. ವೈಟ್‌ಫೀಲ್ಡಿನ ಮಾಹಿತಿ ತಂತ್ರಜ್ಞಾನ ಉದ್ಯಮ ಬೆಳೆದಂತೆ ಅದು ಹಲವು ಭಾಷೆಗಳ ವಸತಿಯಾಯಿತು. ಇಂತಹ ಊರಿನ ಶಾಲೆಯೊಂದರ ಹಾಜರಿ ಪುಸ್ತಕದಲ್ಲಿ ಸಿಂಗ್, ರಾಮುಲು, ತಿಮ್ಮಯ್ಯ ಎಂಬ ಹೆಸರುಗಳು ಒಟ್ಟಿಗೆ ಕಾಣಿಸಿಕೊಳ್ಳುವುದು ಅಸಹಜವಲ್ಲ. ಈ ಮೂರು ಹೆಸರುಗಳೂ ಒಂದಲ್ಲ ಒಂದು ಬಗೆಯಲ್ಲಿ ಕಡಲ್ಗಳ್ಳರ ಕಥನದೊಂದಿಗೆ ತಳುಕು ಹಾಕಿಕೊಂಡಿವೆ ಎಂಬುದು ಕುತೂಹಲಕರ ಸಂಗತಿ. ಚಿತ್ರಕಥೆಯ ಒಬ್ಬ ಕಿರುಖಳನಿಗೆ ಹೆಸರಿಡುವ ಕ್ರಿಯೆಯ ಹಿಂದಿರುವ ಸಾಂಸ್ಕೃತಿಕ ಧೋರಣೆಗಳನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್ ಚಿತ್ರಕಥೆ ಅಮೆರಿಕದ ದಿನಪತ್ರಿಕೆಗಳಲ್ಲಿ ಆರಂಭವಾದದ್ದು 1936ರ ಫೆಬ್ರವರಿ 17ರಂದು. ಸೂಪರ್‌ಮ್ಯಾನ್ ಪ್ರಕಟವಾದದ್ದು 1938ರಲ್ಲಿ. ಆದುದರಿಂದ ಮೈಗಂಟಿದ ಉಡುಪು, ಮುಖವಾಡಗಳ ಈ ನಾಯಕನನ್ನು ಮಹಾಶೂರರ ಪರಂಪರೆಯ ಪೂರ್ವಜನೆಂದು ಗುರುತಿಸಲಾಗುತ್ತದೆ. ಕಥೆಯ ಬೀಜವಿರುವುದು 1536ರಲ್ಲಿ. ಸಿಂಗ್ ಸೋದರಸಂಘವೆಂಬ ಕಡಲ್ಗಳ್ಳರ ಪಡೆ ಇಂಗ್ಲಿಷ್ ಹಡಗೊಂದನ್ನು ಕೊಳ್ಳೆಹೊಡೆಯುತ್ತದೆ. ಬದುಕುಳಿದ ತರುಣ ತನ್ನ ತಂದೆಯ ಕೊಲೆಗಾರನ ತಲೆಬುರುಡೆಯ ಮೇಲೆ ಕೈಯಿಟ್ಟು, ಕಡಲ್ಗಳ್ಳತನ, ಲೋಭ, ಕ್ರೌರ್ಯ, ಅನ್ಯಾಯಗಳನ್ನು ಅಳಿಸುವ ಪ್ರತಿಜ್ಞೆ ಮಾಡುತ್ತಾನೆ. ಮಗನಿಂದ ಮಗನಿಗೆ ಸಾಗಿಬಂದ ಈ ಪ್ರತಿಜ್ಞೆಯನ್ನು ಹೊತ್ತವನು ಇಪ್ಪತ್ತೊಂದನೆಯ ಫ್ಯಾಂಟಮ್.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ನಾಯಕ ಮತ್ತು ಖಳ ಇಬ್ಬರಿಗೂ ವಂಶವಿದೆ. ಆದರೆ ಎರಡು ವಂಶಗಳ ಸ್ವರೂಪ ಒಂದೇ ಅಲ್ಲ. ನಾಯಕನ ವಂಶದಲ್ಲಿ ಪ್ರತಿಯೊಬ್ಬನಿಗೂ ಒಂದು ಕ್ರಮಸಂಖ್ಯೆಯಿದೆ ಮತ್ತು ಪ್ರತಿಯೊಬ್ಬನೂ ಪ್ರತಿಜ್ಞೆಯನ್ನು ಹೊಸದಾಗಿ ಸ್ವೀಕರಿಸುತ್ತಾನೆ. ಕಳ್ಳರದಾದರೋ ಮುಖವಿಲ್ಲದ ಗುಂಪು. ಅವರ ದುಷ್ಟತನಕ್ಕೆ ಕುಲನಾಮವೇ ಸಾಕಷ್ಟು ಕಾರಣವಾಗುತ್ತದೆ. ಬಿಳಿಯನ ಸದ್ಗುಣ ಆಯ್ಕೆಯಿಂದ ಬಂದದ್ದು, ಪೌರಸ್ತ್ಯನ ದುರ್ಗುಣ ಹುಟ್ಟಿನಿಂದ ಬಂದದ್ದು ಎಂಬ ವಸಾಹತುಶಾಹಿ ಗ್ರಹಿಕೆ ಈ ರಚನೆಯಲ್ಲಿ ಅಡಗಿದೆ ಎನ್ನಬಹುದು.

ಈ ಗುಂಪಿನಿಂದ ಬೇರ್ಪಟ್ಟು ನಿಲ್ಲುವ ಕೆಲವೇ ಖಳರಲ್ಲಿ ರಾಮ ಒಬ್ಬ. ಇಪ್ಪತ್ತನೆಯ ಫ್ಯಾಂಟಮನನ್ನು ಮೋಸದಿಂದ ಕೊಂದು, ಅವನ ನಡುಪಟ್ಟಿಯನ್ನು ಅಪಹರಿಸಿದ ಕಡಲ್ಗಳ್ಳ ಈತ. ಮಗನು ತಂದೆಯ ನಡುಪಟ್ಟಿಯನ್ನು ಮರಳಿ ಪಡೆಯುವುದೇ ಕಥೆಯ ವಸ್ತು. ಟೈಮ್ಸ್ ಆಫ್ ಇಂಡಿಯಾ ಬಳಗವು 1964ರ ಮಾರ್ಚ್‌ನಲ್ಲಿ ಇಂದ್ರಜಾಲ್ ಕಾಮಿಕ್ಸ್ ಮಾಲೆಯನ್ನು ಆರಂಭಿಸಿದಾಗ ಮೊದಲ ಸಂಚಿಕೆಗೆ ಆಯ್ದುಕೊಂಡದ್ದು ಈ ಕಥೆಯನ್ನೇ. 1990ರವರೆಗೆ ನಡೆದ ಈ ಮಾಲೆ ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಪ್ರಕಟಗೊಂಡು ಒಂದು ತಲೆಮಾರಿನ ಓದನ್ನು ರೂಪಿಸಿತು.

ಭಾರತದ ಆವೃತ್ತಿಯಲ್ಲಿ ಸಂಪಾದಕರು ಕೆಲವು ಹೆಸರುಗಳನ್ನು ತಿದ್ದಿದರು. ನಾಯಕನ ನಾಡಾದ ಬೆಂಗಾಲ 'ಡೆಂಕಾಲಿ'ಯಾಯಿತು; ಸಿಂಗ್ ಕಡಲ್ಗಳ್ಳರು 'ಸಿಂಗಾ' ಕಡಲ್ಗಳ್ಳರಾದರು; ಕೊಲೆಗಾರ ರಾಮ 'ರಾಮಲು' ಆದನು. ನಾಡಿನ ಹೆಸರು ಬಂಗಾಳವನ್ನು, ಪಡೆಯ ಹೆಸರು ಸಿಖ್ಖರು ಮತ್ತು ರಜಪೂತರ ಕುಲನಾಮವನ್ನು, ಕೊಲೆಗಾರನ ಹೆಸರು ಆರಾಧ್ಯದೈವವನ್ನು ನೆನಪಿಸುವಂತಿದ್ದುದರಿಂದ, ಓದುಗರ ಭಾವನೆಗೆ ಧಕ್ಕೆಯಾಗದಿರಲೆಂಬ ಎಚ್ಚರ ಇಲ್ಲಿ ಕೆಲಸ ಮಾಡಿದೆ ಎಂದು ಅರ್ಥೈಸಬಹುದು. ದೂರದ ಓದುಗರಿಗೆ ಕೇವಲ ಅಲಂಕಾರವಾಗಿದ್ದ ಹೆಸರು, ಹತ್ತಿರದ ಓದುಗರಿಗೆ ನೆರೆಮನೆಯವರ ಹೆಸರಾಗಿತ್ತು.

ಆದರೆ ಹೆಸರನ್ನು ಅಳಿಸುವುದು ಅಷ್ಟು ಸುಲಭವಲ್ಲ. 'ಸಿಂಗ್' ಎಂಬುದರ ಮೂಲ ಸಂಸ್ಕೃತದ 'ಸಿಂಹ'. ಅದೇ ಸಿಂಹ ಶಬ್ದ ಕನ್ನಡದಲ್ಲಿ ತದ್ಭವಗೊಂಡಾಗ 'ಸಿಂಗ'ವಾಗುತ್ತದೆ. ಅಂದರೆ, ಉತ್ತರ ಭಾರತದ ಕುಲನಾಮವನ್ನು ಮರೆಮಾಚಲು ಕೊನೆಗೆ ಸೇರಿಸಿದ ಒಂದು ಸ್ವರವು ಕನ್ನಡದ ಕಿವಿಗೆ ಅದನ್ನು ಹಳಗನ್ನಡದ ಸಿಂಹವನ್ನಾಗಿ ಮಾರ್ಪಡಿಸಿತು. ರಾಮಲು ಎಂಬಲ್ಲಿಯೂ ಇದೇ ಸಮಸ್ಯೆ. '-ಲು' ಪ್ರತ್ಯಯ ಹತ್ತಿದ ಕೂಡಲೇ ಹೆಸರು ದೇವರಿಂದ ದೂರವಾಯಿತು; ಆದರೆ ರಾಮುಲು ಎಂಬ ತೆಲುಗರ ಬಳಕೆಯ ಹೆಸರಿಗೆ ಸಮೀಪವಾಯಿತು. ಒಂದು ಸಮುದಾಯದಿಂದ ಇಳಿಸಿದ ಹೊರೆ ಮತ್ತೊಂದರ ಹೆಗಲೇರಿತು. ಬಹುಭಾಷಿಕ ಸಮಾಜದಲ್ಲಿ ಯಾರಿಗೂ ಸೇರದ ಹೆಸರು ದೊರೆಯುವುದು ಕಷ್ಟಸಾಧ್ಯ.

ಈ ಕಾಲ್ಪನಿಕ ಕಥನದ ಪಕ್ಕದಲ್ಲಿ ಕರ್ನಾಟಕದ ಕರಾವಳಿಯ ವಾಸ್ತವವನ್ನಿಟ್ಟು ನೋಡುವುದು ಉಪಯುಕ್ತ. ಕಥೆಯ 1536ಕ್ಕಿಂತ ಕಾಲು ಶತಮಾನ ಹಿಂದೆ, ಹೊನ್ನಾವರವನ್ನು ನೆಲೆಯಾಗಿಸಿಕೊಂಡಿದ್ದ ತಿಮ್ಮೋಜ ಅರಬ್ಬೀ ಸಮುದ್ರದ ಪ್ರಬಲ ನೌಕಾನಾಯಕನಾಗಿದ್ದ. ಈತನನ್ನು ತಿಮ್ಮಯ್ಯನೆಂದೂ ಕರೆಯಲಾಗಿದೆ. ಪೋರ್ಚುಗೀಸರ ಬರಹಗಳಲ್ಲಿ ಈತ ಕಡಲ್ಗಳ್ಳನಾಗಿ ಕಾಣಿಸಿಕೊಳ್ಳುತ್ತಾನೆ. ಆದರೆ 1510ರಲ್ಲಿ ಗೋವೆಯ ಮೇಲೆ ದಾಳಿಯಿಡುವಂತೆ ಅಫೊನ್ಸೊ ದ ಅಲ್ಬುಕರ್ಕನಿಗೆ ಸಲಹೆಯಿತ್ತು, ನೌಕಾಬಲದಿಂದ ನೆರವಾದವನೂ ಈತನೇ. ವಿಜಯನಗರದ ಪರವಾಗಿ ಹಡಗುಗಳನ್ನು ತಡೆಯುತ್ತಿದ್ದಾಗ ಕಳ್ಳನೆನಿಸಿದವನು ಪೋರ್ಚುಗೀಸರ ಪರವಾಗಿ ನಿಂತಾಗ ಮಿತ್ರನೆನಿಸಿದ. ಅತ್ತ, ಪರವಾನಗಿ ಚೀಟಿಯಿಲ್ಲದ ಹಡಗುಗಳನ್ನು ಸಮುದ್ರ ಮಧ್ಯದಲ್ಲಿ ಹಿಡಿಯುತ್ತಿದ್ದ ಪೋರ್ಚುಗೀಸರು ತಮ್ಮನ್ನು ಕಳ್ಳರೆಂದು ಕರೆದುಕೊಳ್ಳಲಿಲ್ಲ. ಕಡಲ್ಗಳ್ಳನೆಂಬುದು ವೃತ್ತಿಯನ್ನು ಮಾತ್ರವಲ್ಲ, ಹೆಸರಿಡುವ ಅಧಿಕಾರ ಯಾರದೆಂಬುದನ್ನೂ ಸೂಚಿಸುವ ಪದ.

ತಿಮ್ಮೋಜನಿಗಿದ್ದ ಈ ದ್ವಂದ್ವ ರಾಮಲುವಿಗೆ ಇಲ್ಲ. ಅವನಿಗೆ ಊರಿಲ್ಲ, ಒಡೆಯನಿಲ್ಲ, ಕಡಲಿಗಿಳಿಯಲು ಕಾರಣವಿಲ್ಲ. ಕಿರುಖಳನಿಗೆ ಕಥೆ ಕೊಡುವುದು ಹೆಚ್ಚೆಂದರೆ ಒಂದು ಕೃತ್ಯ ಮತ್ತು ಒಂದು ಹೆಸರನ್ನು. ಕೃತ್ಯಕ್ಕೆ ಬೇರಾವ ಕಾರಣವೂ ಕಾಣದಿದ್ದಾಗ ಎಳೆಯ ಓದುಗ ಹೆಸರನ್ನೇ ಕಾರಣವೆಂದು ಭಾವಿಸುವ ಅಪಾಯವಿದೆ. ಇಂದ್ರಜಾಲ್ ಸಂಪಾದಕರ ತಿದ್ದುಪಡಿ ಈ ಅಪಾಯವನ್ನು ಗುರುತಿಸಿತು. ಆದರೆ ಪರಿಹಾರವನ್ನು ಅಕ್ಷರಗಳಲ್ಲಿ ಹುಡುಕಿತು. ಹೆಸರನ್ನು ಬದಲಿಸುವುದಕ್ಕಿಂತ ಆ ಹೆಸರಿನವನಿಗೆ ಒಂದು ಬದುಕನ್ನು ಕೊಡುವುದು ಹೆಚ್ಚು ಸಮರ್ಪಕವಾದ ಮಾರ್ಗವಾಗಿತ್ತು.

ಹೂಡಿಯ ತರಗತಿಯಲ್ಲಿ ಚಿತ್ರಕಥೆಯನ್ನು ಪಾಠವಾಗಿ ಬಳಸುವ ಅಧ್ಯಾಪಕರಿಗೆ ಈ ವಿಚಾರ ಪ್ರಸ್ತುತವೆನಿಸುತ್ತದೆ. ರಾಮಲುವಿನ ಪಕ್ಕದಲ್ಲಿ ತಿಮ್ಮೋಜನನ್ನು ಇಟ್ಟು ಓದಿಸಿದರೆ, ಕಳ್ಳನೆಂದು ಯಾರು, ಯಾರನ್ನು, ಯಾವಾಗ ಕರೆದರು ಎಂಬ ಪ್ರಶ್ನೆ ವಿದ್ಯಾರ್ಥಿಗಳಲ್ಲಿ ತಾನಾಗಿಯೇ ಹುಟ್ಟುತ್ತದೆ. ಆಗ ಹಾಜರಿ ಪುಸ್ತಕದಲ್ಲಿರುವ ಮೂರು ಹೆಸರುಗಳೂ ಕಥೆಯ ಹೊರೆಯಿಂದ ಬಿಡುಗಡೆ ಪಡೆದು, ಕೇವಲ ಮೂವರು ಮಕ್ಕಳ ಹೆಸರುಗಳಾಗಿ ಉಳಿಯಲು ಸಾಧ್ಯ.