ರಕ್ತ, ಗಾಳಿ ಮತ್ತು ೨೭೦ ಮೀಟರು

ಹಾಲೆಂಡಿನ ಸೈಕಲ್ ಪಂದ್ಯಗಾರ ಥಾಮಸ್ ಡೆಕ್ಕರ್ ೧೯೮೪ರಲ್ಲಿ ಜನಿಸಿದವನು. ೨೦೦೬ರಲ್ಲಿ ಇಟಲಿಯ ಟಿರೆನೊ-ಆಡ್ರಿಯಾಟಿಕೊ, ಮರುವರ್ಷ ಸ್ವಿಟ್ಜರ್ಲೆಂಡಿನ ರೊಮಾಂಡಿ, ಹೀಗೆ ಎರಡು ಹಿರಿಯ ಪಂದ್ಯಗಳನ್ನು ಇಪ್ಪತ್ತಮೂರು ತುಂಬುವ ಮೊದಲೇ ಗೆದ್ದನು. ೨೦೦೭ರ ಡಿಸೆಂಬರಿನಲ್ಲಿ ಅವನಿಂದ ಪಡೆದ ಮೂತ್ರದ ಮಾದರಿ ಅಂದು ಯಾವ ದೋಷವನ್ನೂ ತೋರಲಿಲ್ಲ. ಅದನ್ನೇ ೨೦೦೯ರಲ್ಲಿ ಪುನಃ ಪರೀಕ್ಷಿಸಿದಾಗ ಎರಿತ್ರೊಪೊಯಿಟಿನ್ ಎಂಬ ಹಾರ್ಮೋನಿನ ಕೃತಕ ರೂಪವೊಂದು ಪತ್ತೆಯಾಯಿತು. ಎರಡು ವರ್ಷಗಳ ಬಹಿಷ್ಕಾರ ಅವನ ಪಾಲಿಗೆ ಬಂದಿತು.

ಈ ಹಾರ್ಮೋನು ನಮ್ಮೆಲ್ಲರ ದೇಹದಲ್ಲಿಯೂ ಉಂಟಲ್ಲ, ಅಪರಾಧವೆಲ್ಲಿಯದು ಎಂದು ವಾಚಕರು ಕೇಳಬಹುದು. ರಕ್ತದಲ್ಲಿ ಆಮ್ಲಜನಕ ಕುಗ್ಗಿದಾಗ ಮೂತ್ರಪಿಂಡಗಳು ಇದನ್ನು ಸ್ರವಿಸುತ್ತವೆ. ಇದರ ಪ್ರೇರಣೆಯಿಂದ ಅಸ್ಥಿಮಜ್ಜೆಯು ಕೆಂಪು ರಕ್ತಕಣಗಳನ್ನು ಹೆಚ್ಚಾಗಿ ನಿರ್ಮಿಸುತ್ತದೆ. ಎತ್ತರದ ಬೆಟ್ಟಗಳಿಗೆ ಹೋಗಿ ನೆಲೆಸಿದವರಲ್ಲಿ ವಾರಗಟ್ಟಲೆ ಮೆಲ್ಲನೆ ನಡೆಯುವ ಈ ಕಾರ್ಯವನ್ನು ಸೂಜಿಮದ್ದು ಬೇಕೆಂದಾಗ ನಡೆಸಿಕೊಡುತ್ತದೆ. ಕಣಗಳು ಮಿತಿಮೀರಿದರೆ ರಕ್ತದ ಸ್ನಿಗ್ಧತೆ ಏರಿ, ಅದು ನಾಳಗಳಲ್ಲಿ ಹೆಪ್ಪುಗಟ್ಟುವ ಭಯವುಂಟು.

ಡೆಕ್ಕರನ ಮಾದರಿಯಲ್ಲಿ ಸಿಕ್ಕ ಡೈನೆಪೊ ಎಂಬ ಬಗೆಯು ಮಾನವ ಜೀವಕೋಶಗಳಲ್ಲಿಯೇ ತಯಾರಾದದ್ದು. ಆದುದರಿಂದ ಸಹಜ ಹಾರ್ಮೋನಿಗೆ ಬಹಳ ಸಮೀಪವಾದದ್ದು. ಆದರೂ ಅಣುಗಳಿಗೆ ಅಂಟಿಕೊಂಡ ಸಕ್ಕರೆಯ ಸರಪಳಿಗಳಲ್ಲಿ ಅಲ್ಪ ವ್ಯತ್ಯಾಸ ಉಳಿದಿರುತ್ತದೆ. ಲೋಳೆಯಂಥ ಪದರವೊಂದನ್ನು ವಿದ್ಯುತ್ ಕ್ಷೇತ್ರದಲ್ಲಿಟ್ಟರೆ, ಅದರೊಳಗಿನ ಅಣುಗಳು ತಮ್ಮ ತೂಕಕ್ಕೂ ವಿದ್ಯುದಂಶಕ್ಕೂ ಅನುಸಾರವಾಗಿ ಬೇರೆ ಬೇರೆ ದೂರ ಸರಿದು ಪಟ್ಟಿಗಳಾಗಿ ನಿಲ್ಲುತ್ತವೆ. ತರಗತಿಯಲ್ಲಿ ನೀರಸವೆನಿಸುವ ವಿದ್ಯುತ್ ಕ್ಷೇತ್ರದ ಪಾಠ ಇಲ್ಲಿ ಸಾಕ್ಷಿ ನುಡಿಯಿತು!

ಬಹಿಷ್ಕಾರ ಮುಗಿದ ಮೇಲೆ ಪಂದ್ಯಗಳಿಗೆ ಮರಳಿದ ಡೆಕ್ಕರ್, ೨೦೧೫ರ ಫೆಬ್ರವರಿ ೨೫ರಂದು ಮೆಕ್ಸಿಕೋದ ಆಗ್ವಾಸ್‌ಕಾಲಿಯೆಂತೆಸ್ ನಗರದಲ್ಲಿ, ಒಂದು ಗಂಟೆಯಲ್ಲಿ ಅತ್ಯಧಿಕ ದೂರ ಕ್ರಮಿಸುವ ವಿಶ್ವದಾಖಲೆಗೆ ಯತ್ನಿಸಿದನು. ಸಮುದ್ರಮಟ್ಟದಿಂದ ಸುಮಾರು ೧೮೮೦ ಮೀಟರು ಎತ್ತರದಲ್ಲಿರುವ ಆ ಊರಿನ ಗಾಳಿಯ ಸಾಂದ್ರತೆ ಆರರಲ್ಲಿ ಒಂದು ಪಾಲಿನಷ್ಟು ಕಡಿಮೆ. ಸವಾರನಿಗೆ ಗಾಳಿಯ ತಡೆಯೇನೋ ತಗ್ಗುತ್ತದೆ. ಆದರೆ ಉಸಿರಿಗೆ ಸಿಗುವ ಆಮ್ಲಜನಕವೂ ತಗ್ಗುತ್ತದೆ. ಅಂದಿದ್ದ ದಾಖಲೆ ಆಸ್ಟ್ರೇಲಿಯದ ರೋಹನ್ ಡೆನ್ನಿಸನ ೫೨.೪೯೧ ಕಿಲೋಮೀಟರು. ಡೆಕ್ಕರ್ ಕ್ರಮಿಸಿದ್ದು ೫೨.೨೨೧.

ಕೊರತೆ ೨೭೦ ಮೀಟರು, ಎಂದರೆ ನೂರಕ್ಕೆ ಅರ್ಧ. ವಿದ್ಯಾರ್ಥಿಗಳು ಪೆನ್ಸಿಲು ಹಿಡಿದು ನೋಡಲಿ: ಗಾಳಿಯ ತಡೆ ವೇಗದ ವರ್ಗವನ್ನೂ, ಅದನ್ನು ಗೆಲ್ಲಲು ಬೇಕಾದ ಸಾಮರ್ಥ್ಯ ವೇಗದ ಘನವನ್ನೂ ಅನುಸರಿಸುವುದರಿಂದ, ಆ ಅರ್ಧಕ್ಕೆ ನೂರಕ್ಕೆ ಸುಮಾರು ಒಂದೂವರೆಯಷ್ಟು ಅಧಿಕ ಸಾಮರ್ಥ್ಯ ಬೇಕಾಗುತ್ತದೆ. ತರಬೇತಿಯ ತುದಿ ಮುಟ್ಟಿದ ದೇಹಕ್ಕೆ ಅದು ಸುಲಭವಾಗಿ ಒದಗದು. ಸೂಜಿಯ ಆಸೆ ಹುಟ್ಟುವುದು ಇಲ್ಲಿಯೇ ಎಂದು ನನಗೆ ತೋರುತ್ತದೆ. ಡೆಕ್ಕರ್ ಅದೇ ವರ್ಷ ಪಂದ್ಯಗಳಿಂದ ನಿವೃತ್ತನಾದನು. ಮರುವರ್ಷ ತನ್ನ ತಪ್ಪುಗಳನ್ನು ಮುಚ್ಚಿಡದೆ ಪುಸ್ತಕವೊಂದರಲ್ಲಿ ಹೇಳಿಕೊಂಡನು.