ದಸರಾ ರಜೆಯಲ್ಲಿ ಕೋಲಾಟ: ಮಕ್ಕಳಿಗೆ ಕಲಿಸುವುದು ಹೀಗೆ

ದಸರಾ ರಜೆ ಬಂತೆಂದರೆ ಮಕ್ಕಳನ್ನು ಯಾವ ಶಿಬಿರಕ್ಕೆ ಸೇರಿಸುವುದೆಂಬ ಹುಡುಕಾಟ ಶುರು. ಸಿನಿಮಾ ಹಾಡಿಗೆ ನಾಲ್ಕು ಹೆಜ್ಜೆ ಕಲಿಸಿ, ಕೊನೆಯ ದಿನ ವೇದಿಕೆ ಹತ್ತಿಸುವ ತರಗತಿಗಳು ಬೇಕಾದಷ್ಟಿವೆ. ಆದರೆ ನವರಾತ್ರಿಯಲ್ಲೇ ಮಕ್ಕಳು ಕುಣಿಯಲು ಬೇಕಾದ್ದೆಲ್ಲ ಇದೆ: ಗೊಂಬೆ, ಆನೆ, ಹುಲಿ, ಕೋಲು. ಬೀದಿಯ ಹತ್ತು ಹನ್ನೆರಡು ಮಕ್ಕಳು, ತಾಳ ತಪ್ಪದೆ ತಟ್ಟಬಲ್ಲ ಒಬ್ಬರು ದೊಡ್ಡವರು, ದಿನಕ್ಕೆ ಮುಕ್ಕಾಲು ಗಂಟೆ ಇದ್ದರೆ ನೀವೇ ತರಗತಿ ನಡೆಸಬಹುದು. ಆರರಿಂದ ಹನ್ನೆರಡು ವರ್ಷದವರು ಒಟ್ಟಿಗೆ ಕಲಿಯಲಿ. ದೊಡ್ಡವರನ್ನು ನೋಡಿಯೇ ಚಿಕ್ಕವರು ಅರ್ಧ ಕಲಿಯುತ್ತಾರೆ.

ಜಾಗ ಮಣ್ಣಿನ ಅಂಗಳವಾದರೆ ಬಲು ಒಳ್ಳೆಯದು. ಅಪಾರ್ಟ್‌ಮೆಂಟಿನ ಹಾಲ್ ಆದರೆ ಜಮಖಾನ ಸುತ್ತಿಡಿ, ಕಾಲುಚೀಲ ಬಿಚ್ಚಿಸಿ. ಟೈಲ್ಸ್ ಮೇಲೆ ಇವೆರಡೂ ಜಾರುತ್ತವೆ. ಸಿಮೆಂಟ್ ನೆಲವಾದರೆ ನೆಗೆತ ಕಡಿಮೆ ಇರಲಿ. ಬಿಸಿಲೇರುವ ಮುಂಚೆ ಅಥವಾ ಸಂಜೆ ಐದರ ನಂತರ ಸೇರಿ.

ಮೊದಲ ಮೂರು ದಿನ ಆಟ ಮಾತ್ರ

ಕೋಲನ್ನು ಮೊದಲ ದಿನವೇ ಕೈಗೆ ಕೊಡಬೇಡಿ. ತಾಳ ಕಾಲಿಗೆ ಇಳಿಯುವ ಮುಂಚೆ ಕೋಲು ಸಿಕ್ಕರೆ ಅದು ಕತ್ತಿಯಾಗುತ್ತದೆ.

ಆನೆಯಿಂದ ಶುರುಮಾಡಿ. ಮೈಸೂರಿನ ಜಂಬೂಸವಾರಿಗೆ ಬರುವ ಆನೆಗಳಿಗೆ ವಾರಗಟ್ಟಲೆ ತಾಲೀಮು ಇರುತ್ತದೆ. ಸುಮಾರು 750 ಕಿಲೋ ತೂಕದ ಚಿನ್ನದ ಅಂಬಾರಿ ಹೊರಲು ಬೆನ್ನು ಒಗ್ಗಲೆಂದು ಮರಳು ಮೂಟೆ ಹೊರಿಸಿ ನಡೆಸುತ್ತಾರೆ; ಕುಶಾಲತೋಪಿನ ಸದ್ದಿಗೆ ಬೆದರದಿರಲೆಂದು ಫಿರಂಗಿ ಸಿಡಿಸಿ ಅಭ್ಯಾಸ ಮಾಡಿಸುತ್ತಾರೆ. ಇದನ್ನು ಮಕ್ಕಳಿಗೆ ಹೇಳಿ, ಅದೇ ತಾಲೀಮನ್ನು ಆಡಿಸಿ. ಸಣ್ಣ ಬಟ್ಟೆಚೀಲದಲ್ಲಿ ಎರಡು ಹಿಡಿ ಹೆಸರುಕಾಳು ತುಂಬಿ ಬಾಯಿ ಹೊಲಿದು ಪ್ರತಿ ಮಗುವಿನ ತಲೆಯ ಮೇಲಿಡಿ. ಸಾಲಾಗಿ, ‘ತಕಧಿಮಿ’ ಎನ್ನುತ್ತಾ, ಅಕ್ಷರಕ್ಕೊಂದು ಹೆಜ್ಜೆ. ನಡುವೆ ನೀವು ಡಬ್ಬ ಬಾರಿಸಿ ‘ಢಂ’ ಎನ್ನಿಸಬೇಕು. ಬೆಚ್ಚದೆ, ಚೀಲ ಬೀಳಿಸದೆ, ಅದೇ ಲಯದಲ್ಲಿ ನಡೆದವರೇ ಅಂಬಾರಿ ಆನೆ. ಕತ್ತು ನೆಟ್ಟಗೆ, ಹೆಜ್ಜೆ ಸಮ: ಕೋಲಾಟಕ್ಕೆ ಬೇಕಾದ ಮೈ ಇಲ್ಲೇ ತಯಾರಾಗುತ್ತದೆ.

ಎರಡನೆಯದು ಗೊಂಬೆ ಆಟ. ಹಾಡು ಇರುವಷ್ಟು ಹೊತ್ತು ಕುಣಿತ. ನಿಂತೊಡನೆ ಎಲ್ಲರೂ ಗೊಂಬೆ. ಪಟ್ಟದ ರಾಜ-ರಾಣಿ ನಿಂತಿರಬೇಕು, ಅಂಗಡಿಯ ಶೆಟ್ಟರು-ಶೆಟ್ಟಮ್ಮ ಕೂತಿರಬೇಕು, ಉಳಿದವರು ಮಂಡಿಯೂರಬೇಕು. ಹೀಗೆ ಗೊಂಬೆ ಮೆಟ್ಟಿಲಿನ ಹಾಗೆ ಮೂರು ಎತ್ತರ ಆಗುತ್ತದೆ. ಅಲುಗಾಡಿದವರನ್ನು ‘ಔಟ್’ ಮಾಡಿ ಮೂಲೆಗೆ ಕೂರಿಸುವ ಪದ್ಧತಿ ನನಗೆ ಸರಿಕಾಣದು. ಹೆಚ್ಚು ಅಭ್ಯಾಸ ಬೇಕಾದ ಮಗುವೇ ಅದರಿಂದ ಸುಮ್ಮನೆ ಕೂರುವಂತಾಗುತ್ತದೆ. ಬದಲಿಗೆ ಮುಂದಿನ ಸುತ್ತಿಗೆ ತಾಳ ತಟ್ಟುವ ಕೆಲಸ ಅವರಿಗೆ ಕೊಡಿ.

ಹುಲಿ ಚಿಕ್ಕದಾಗಿರಲಿ. ಮಂಗಳೂರು, ಉಡುಪಿ ಕಡೆ ನವರಾತ್ರಿಯಲ್ಲಿ ತಾಸೆಯ ಬಡಿತಕ್ಕೆ ಹುಲಿವೇಷ ಕುಣಿಯುತ್ತದೆ. ಮಕ್ಕಳು ಬಗ್ಗಿ ನಡೆಯುವುದು, ಪಂಜ ಎತ್ತುವುದು, ಹಿಂದಕ್ಕೆ ಸರಿಯುವುದು ಇಷ್ಟನ್ನೇ ‘ತಕಿಟ ತಕಿಟ’ ಎಂಬ ಮೂರರ ನಡೆಯಲ್ಲಿ ಮಾಡಲಿ. ಮೈಗೆ ಪೇಂಟ್ ಬೇಡ, ರಟ್ಟಿನ ಕಿವಿ ಸಾಕು.

ಕೋಲು ಕೈಗೆ

ನಾಲ್ಕನೆಯ ದಿನ ಹಳೆಯ ಪತ್ರಿಕೆಗಳನ್ನು ಬಿಗಿಯಾಗಿ ಸುರುಳಿ ಸುತ್ತಿ, ಟೇಪ್ ಅಂಟಿಸಿ ಕಾಗದದ ಕೋಲು ಮಾಡಿಸಿ. ಇದರ ಪೆಟ್ಟು ಬೆರಳಿಗೆ ಬಿದ್ದರೂ ಅಳು ಬರುವುದಿಲ್ಲ. ಎರಡು ದಿನ ಇದರಲ್ಲೇ ಆಡಲಿ. ಆಮೇಲೆ ಮರದ ಕೋಲು: ಚಿಕ್ಕವರಿಗೆ ಒಂದು ಅಡಿ ಉದ್ದ, ದೊಡ್ಡವರಿಗೆ ಎರಡಿಂಚು ಹೆಚ್ಚು, ದಪ್ಪ ಹೆಬ್ಬೆರಳಿನಷ್ಟು. ತುದಿಯನ್ನು ಸ್ಯಾಂಡ್‌ಪೇಪರಿನಿಂದ ಉಜ್ಜಿ ದುಂಡಗೆ ಮಾಡಿ, ಸಿಬಿರು ಇದೆಯೇ ಎಂದು ನಿಮ್ಮ ಅಂಗೈಯಿಂದಲೇ ಸವರಿ ನೋಡಿ. ನಿಯಮ ಎರಡೇ: ಕೋಲು ಭುಜಕ್ಕಿಂತ ಮೇಲೇರಬಾರದು, ‘ನಿಲ್ಲಿ’ ಅಂದೊಡನೆ ತುದಿ ನೆಲ ಮುಟ್ಟಬೇಕು.

ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ. ‘ತ’ ಎಂದಾಗ ತಮ್ಮ ಎರಡು ಕೋಲು ತಾವೇ ಬಡಿಯುವುದು. ‘ಕ’ಕ್ಕೆ ಬಲಗೋಲು ಎದುರಿನವರ ಬಲಗೋಲಿಗೆ. ‘ಧಿ’ಗೆ ಮತ್ತೆ ತಮ್ಮದು ತಮಗೆ. ‘ಮಿ’ಗೆ ಎಡಗೋಲು ಎಡಗೋಲಿಗೆ. ಪ್ರತಿ ಅಕ್ಷರಕ್ಕೂ ನಿಂತಲ್ಲೇ ಒಂದು ಹೆಜ್ಜೆ. ಮೊದಲು ಕೋಲಿಲ್ಲದೆ ಅಂಗೈಯಿಂದ, ಆಮೇಲೆ ಕೋಲಿನಿಂದ. ಬಡಿತ ಕೋಲಿನ ಮೇಲ್ಭಾಗಕ್ಕೆ ಬೀಳಲಿ. ಹಿಡಿಯ ಹತ್ತಿರ ಬಿದ್ದರೆ ಬೆರಳಿಗೆ ಏಟು.

ಇದು ಕೂಡಿಬಂದ ಮೇಲೆ ಎರಡು ಸುತ್ತು ಮಾಡಿ. ಒಳಸುತ್ತಿನವರು ಹೊರಮುಖ, ಹೊರಸುತ್ತಿನವರು ಒಳಮುಖ. ನಾಲ್ಕಕ್ಷರ ಜೋಡಿಯ ಜೊತೆ. ಮುಂದಿನ ನಾಲ್ಕಕ್ಷರ ತಮ್ಮ ಕೋಲನ್ನೇ ಬಡಿಯುತ್ತಾ ಹೊರಸುತ್ತಿನವರು ಬಲಕ್ಕೆ ಒಂದು ಜಾಗ ಸರಿಯಬೇಕು. ಹೊಸ ಜೋಡಿ ಸಿಗುತ್ತದೆ. ಸಂಖ್ಯೆ ಬೆಸವಾದರೆ ಒಬ್ಬರು ತಾಳಕ್ಕೆ, ಸುತ್ತಿಗೊಮ್ಮೆ ಬದಲಾವಣೆ.

ಉತ್ಸಾಹ ಏರಿದಂತೆ ಲಯ ಓಡುವುದು ಖಂಡಿತ. ‘ನಿಧಾನ, ನಿಧಾನ’ ಎಂದು ಕೂಗಿದರೆ ಪ್ರಯೋಜನವಿಲ್ಲ. ನಿಲ್ಲಿಸಿ, ಕೋಲು ಕೆಳಗಿಡಿಸಿ, ಒಂದು ಸುತ್ತು ಬರೀ ಬಾಯಿ ಮತ್ತು ಕಾಲಿನಲ್ಲಿ ಹೇಳಿಸಿ. ಮನೆಯ ಅಜ್ಜಿಗೆ ಕೋಲಾಟದ ಪದ ಬರುತ್ತಿದ್ದರೆ ಅವರನ್ನೇ ಕರೆದು ಕುರ್ಚಿ ಹಾಕಿಕೊಡಿ. ರೆಕಾರ್ಡಿನ ಹಾಡು ಮಕ್ಕಳಿಗಾಗಿ ಕಾಯುವುದಿಲ್ಲ. ಹಾಡುವವರು ಮಕ್ಕಳ ಹೆಜ್ಜೆ ನೋಡಿಕೊಂಡು ಹಾಡುತ್ತಾರೆ.

ಜಡೆ ಕೋಲಾಟ

ಲಯ ಗಟ್ಟಿಯಾದ ಗುಂಪಿಗೆ ಮಾತ್ರ ಇದು. ಎಂಟು ಮಕ್ಕಳು, ಎರಡು ಬಣ್ಣ, ಮರದ ಕೊಂಬೆಗೋ ಕೊಕ್ಕೆಗೋ ಕಟ್ಟಿದ ಎಂಟು ಬಟ್ಟೆಪಟ್ಟಿ. ಹಳೆಯ ಸೀರೆ ಹರಿದರೆ ಸಾಕು. ಪಟ್ಟಿಯನ್ನು ಬೆರಳಲ್ಲಿ ಹಿಡಿಯಬೇಕೇ ಹೊರತು ಕೈಗೆ, ಸೊಂಟಕ್ಕೆ, ಕತ್ತಿಗೆ ಸುತ್ತಲೇಬಾರದು. ಕೆಂಪು ಬಣ್ಣದವರು ಬಲಕ್ಕೆ, ಹಳದಿಯವರು ಎಡಕ್ಕೆ ಮುಖ. ಎದುರಾದ ಮೊದಲಿಗರ ಒಳಗಿನಿಂದ, ಮುಂದಿನವರ ಹೊರಗಿನಿಂದ, ಮತ್ತೆ ಒಳಗಿನಿಂದ ಕೆಂಪಿನವರು ಸಾಗಬೇಕು. ಹಳದಿಯವರದು ಇದರ ತದ್ವಿರುದ್ಧ. ಮೇಲಿನಿಂದ ಜಡೆ ಹೆಣೆದುಕೊಳ್ಳುತ್ತಾ ಇಳಿಯುತ್ತದೆ. ಪಟ್ಟಿ ಎರಡು ಮೊಳ ಉಳಿದಾಗ ನಿಲ್ಲಿಸಿ, ಎಲ್ಲರೂ ಹಿಂದಿರುಗಿ, ಬಂದ ದಾರಿಯಲ್ಲೇ ವಾಪಸು ಸಾಗಿದರೆ ಬಿಚ್ಚಿಕೊಳ್ಳುತ್ತದೆ. ಮೊದಲ ಸಲ ಬಹುತೇಕ ಗಂಟೇ ಬೀಳುವುದು. ಯಾರು ತಪ್ಪಿದರೆಂದು ಹುಡುಕದೆ, ಪಟ್ಟಿ ಬಿಡಿಸಿ ನಡಿಗೆಯ ವೇಗದಲ್ಲಿ ಮತ್ತೆ ಶುರುಮಾಡಿ.

ವಿಜಯದಶಮಿಯ ಸಂಜೆ ಬನ್ನಿ ಹಂಚಿಕೊಂಡ ಮೇಲೆ ಕಾರ್ಯಕ್ರಮ ಬೇಕೆನಿಸಿದರೆ ವೇದಿಕೆ, ಬಹುಮಾನ ಬೇಡ. ಹೊರಸುತ್ತಿನಲ್ಲಿ ಅಪ್ಪ-ಅಮ್ಮಂದಿರನ್ನು ನಿಲ್ಲಿಸಿ, ಒಳಸುತ್ತಿನ ಮಕ್ಕಳೇ ಅವರಿಗೆ ‘ತಕಧಿಮಿ’ ಹೇಳಿಕೊಡಲಿ. ದೊಡ್ಡವರ ಕೋಲು ಇನ್ನೂ ಎರಡಿಂಚು ಉದ್ದ ಬೇಕು, ಮೊದಲೇ ಕಡಿಸಿಡಿ.